ಅಡುಗೆಮನೆಯಿಂದ ಬಂದ ಪ್ರಶ್ನೆ

2015ರ ಜೂನ್ ತಿಂಗಳ ಮೊದಲ ವಾರ. ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ಪ್ರವೇಶೋತ್ಸವದ ತೋರಣಗಳು ಇನ್ನೂ ಬಾಡಿರಲಿಲ್ಲ. ಅಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆಯೊಬ್ಬರು ಸಂಜೆ ಮಳೆಯಲ್ಲಿ ನೆನೆದು ಮನೆಗೆ ಬಂದವರೇ ಒಲೆಯ ಮೇಲೆ ನೀರಿಟ್ಟು, ಕಪಾಟಿನಿಂದ ಮ್ಯಾಗಿಯ ಹಳದಿ ಪೊಟ್ಟಣವೊಂದನ್ನು ತೆಗೆದರು. ವಾರದಲ್ಲಿ ಎರಡು ಸಂಜೆ ಮಗನಿಗೆ ಅದು ಸಲ್ಲಬೇಕಾದ ಪಾಲು. ಆದರೆ ಆ ದಿನ ಹುಡುಗ ಬಟ್ಟಲು ಹಿಡಿದುಕೊಂಡು ಬರಲಿಲ್ಲ. ಬಾಗಿಲಿನ ಬಳಿಯೇ ನಿಂತು, "ಅಮ್ಮ, ಇದರಲ್ಲಿ ಸೀಸ ಉಂಟು ಅಂತ ಟಿವಿಯಲ್ಲಿ ಹೇಳಿದ್ರು. ತಿನ್ನಬಹುದಾ?" ಎಂದು ಕೇಳಿದ.

ಅಧ್ಯಾಪಿಕೆ ಪೊಟ್ಟಣವನ್ನು ತಿರುಗಿಸಿ ಬೆಳಕಿಗೆ ಹಿಡಿದರು. ನೂರಾರು ಮಕ್ಕಳಿಗೆ ಓದು ಕಲಿಸಿದ ಕಣ್ಣುಗಳಿಗೆ ಆ ಸಣ್ಣ ಅಕ್ಷರಗಳಲ್ಲಿ ಮಗನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಒಲೆಯ ಮೇಲಿನ ನೀರು ಕುದಿಯತೊಡಗಿತ್ತು. ಅವರು ಒಲೆ ಆರಿಸಿದರು. ಆ ಸಂಜೆ ಹುಡುಗನಿಗೆ ಅವಲಕ್ಕಿ ಸಿಕ್ಕಿತು, ಉತ್ತರ ಸಿಗಲಿಲ್ಲ.

ಮರುದಿನ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಬಿಡಲು ಬಂದ ತಾಯಂದಿರದೂ ಅದೇ ಮಾತು. "ಟೀಚರೇ, ನೀವು ಓದಿದವರು. ಕೊಡಬಹುದಾ, ಬಾರದಾ?" ಓದಿದವರು ಎಂಬ ಮಾತು ಅವರನ್ನು ಚುಚ್ಚಿತು. ಓದಲು ಸಿಕ್ಕಿದ್ದರೆ ತಾನೆ ಹೇಳುವುದು! ಅಂದಿನಿಂದ ಅವರು ಆ ಸುದ್ದಿಯನ್ನು ಪತ್ರಿಕೆಗಳಲ್ಲಿ ಬಿಡದೆ ಹಿಂಬಾಲಿಸಿದರು.

ಕತೆ ಆರಂಭವಾದದ್ದು ಅದಕ್ಕೂ ಒಂದು ವರ್ಷ ಹಿಂದೆ, ದೂರದ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ. 2014ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಯೊಂದರಿಂದ ಮ್ಯಾಗಿಯ ಮಾದರಿಯನ್ನು ಸಂಗ್ರಹಿಸಿದರು. ಪೊಟ್ಟಣದ ಮೇಲೆ ಎಂ.ಎಸ್.ಜಿ. ಅಥವಾ ಮೊನೊಸೋಡಿಯಂ ಗ್ಲುಟಮೇಟ್ ಎಂಬ ರುಚಿಕಾರಕವನ್ನು ಸೇರಿಸಿಲ್ಲವೆಂದು ಬರೆದಿತ್ತು. ಗೋರಖಪುರದ ಪ್ರಯೋಗಾಲಯ ಅದು ಇದೆ ಎಂದಿತು. ಮಾದರಿ ಕೊಲ್ಕತ್ತಾದ ಕೇಂದ್ರೀಯ ಪ್ರಯೋಗಾಲಯಕ್ಕೆ ಹೋಯಿತು. 2015ರ ಏಪ್ರಿಲಿನಲ್ಲಿ ಅಲ್ಲಿಂದ ಬಂದ ವರದಿ ಇನ್ನೂ ಗಂಭೀರವಾಗಿತ್ತು: ಹತ್ತು ಲಕ್ಷ ಭಾಗಗಳಲ್ಲಿ 2.5 ಭಾಗವನ್ನು ಮೀರಬಾರದ ಸೀಸ 17.2 ಭಾಗದಷ್ಟಿದೆ ಎಂದು ಅದು ಹೇಳಿತು. ಸೀಸವೆಂದರೆ ಬೆಳೆಯುವ ಮಕ್ಕಳ ಮಿದುಳಿಗೆ ಕೇಡು ಮಾಡುವ ಲೋಹ.

ಮೇ ತಿಂಗಳಲ್ಲಿ ಸುದ್ದಿ ಪ್ರಾದೇಶಿಕ ಪತ್ರಿಕೆಗಳಿಂದ ರಾಷ್ಟ್ರೀಯ ಪತ್ರಿಕೆಗಳಿಗೆ ಹಬ್ಬಿತು. ನೆಸ್ಲೆ ಇಂಡಿಯಾ ಕಂಪನಿ ಕೊಟ್ಟ ಉತ್ತರ ಚಿಕ್ಕದು: ಮ್ಯಾಗಿ ಸುರಕ್ಷಿತ, ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕೆಂಬ ಆದೇಶ ತನಗೆ ಬಂದಿಲ್ಲ. ಪರೀಕ್ಷೆಗೆ ಹೋದ ಪೊಟ್ಟಣಗಳು 2014ರ ನವೆಂಬರಿಗೇ ಅವಧಿ ಮುಗಿದವು, ಅಂಥವು ಈಗ ಅಂಗಡಿಗಳಲ್ಲಿಲ್ಲ ಎಂಬ ವಿವರಣೆಯೂ ಬಂದಿತು. ತನ್ನ ಪ್ರಯೋಗಾಲಯದಲ್ಲೂ ಹೊರಗಿನ ಪ್ರಯೋಗಾಲಯಗಳಲ್ಲೂ ಪರೀಕ್ಷಿಸಿದಾಗ ಸೀಸ ಮಿತಿಯೊಳಗೇ ಇದೆ ಎಂದು ಕಂಪನಿ ಹೇಳಿತು. ಎಂ.ಎಸ್.ಜಿ.ಯ ವಿಷಯಕ್ಕೆ ಬಂದರೆ, ತಾನದನ್ನು ಸೇರಿಸುವುದಿಲ್ಲ, ಈರುಳ್ಳಿ, ಗೋಧಿಹಿಟ್ಟು, ಶೇಂಗಾ ಪ್ರೋಟೀನುಗಳಲ್ಲಿ ಗ್ಲುಟಮೇಟ್ ಸಹಜವಾಗಿಯೇ ಇರುತ್ತದೆ ಎಂಬುದು ಅದರ ವಾದ.

ಇದರಲ್ಲಿ ಸುಳ್ಳೆಂದು ತೋರಿಸಬಹುದಾದ ಮಾತು ಅಧ್ಯಾಪಿಕೆಗೆ ಕಾಣಲಿಲ್ಲ. ಆದರೂ ಮಗನ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಏಕೆಂದು ಅವರು ಯೋಚಿಸಿದರು. ಬಿಕ್ಕಟ್ಟು ಬಂದಾಗ ಯಾವುದೇ ಸಂಸ್ಥೆ ಮೊದಲು ಮಾಡುವ ಕೆಲಸ, ಅರಿತೋ ಅರಿಯದೆಯೋ, ಆ ಬಿಕ್ಕಟ್ಟು ಯಾವುದೆಂದು ತನ್ನೊಳಗೇ ತೀರ್ಮಾನಿಸಿಕೊಳ್ಳುವುದು. ಇದು ಪ್ರಯೋಗಾಲಯದ ಲೆಕ್ಕದ ತಪ್ಪು ಎಂದು ತೀರ್ಮಾನಿಸಿದರೆ ಉತ್ತರವೂ ಲೆಕ್ಕದ್ದೇ ಆಗಿರುತ್ತದೆ. ಅಧಿಕಾರಿಗಳೊಂದಿಗಿನ ತಕರಾರು ಎಂದುಕೊಂಡರೆ ಉತ್ತರ ಅಧಿಕಾರಿಗಳಿಗೆ ಹೋಗುತ್ತದೆ. ಮ್ಯಾಗಿಯ ವಿಷಯದಲ್ಲಿ ಕಂಪನಿ ಹಳೆಯ ಪೊಟ್ಟಣವೊಂದರ ತಾಂತ್ರಿಕ ತಕರಾರಿಗೆ ಉತ್ತರಿಸುತ್ತಿತ್ತು. ಅದೇ ಹೊತ್ತಿಗೆ ದೇಶದ ಅಡುಗೆಮನೆಗಳಲ್ಲಿ ತಾಯಂದಿರು ಕೇಳುತ್ತಿದ್ದದ್ದು ಬೇರೆ: ಈಗ ನನ್ನ ಕೈಯಲ್ಲಿರುವ ಈ ಪೊಟ್ಟಣವನ್ನು ಏನು ಮಾಡಲಿ? ನಿನ್ನೆಯವರೆಗೆ ತಿಂದದ್ದರಿಂದ ಏನಾದರೂ ಆದೀತೇ? ಈ ಎರಡು ಪ್ರಶ್ನೆಗಳನ್ನು ಕಂಪನಿ ತನ್ನ ಪ್ರಶ್ನೆಗಳಾಗಿ ಸ್ವೀಕರಿಸಲು ವಾರಗಳೇ ಹಿಡಿದವು. ಅಷ್ಟರಲ್ಲಿ ರಾಜ್ಯಗಳು ಒಂದೊಂದಾಗಿ ಮಾರಾಟವನ್ನು ತಡೆದವು. ಕೇರಳದಲ್ಲಿ ಸಪ್ಲೈಕೋ ಅಂಗಡಿಗಳು ಮ್ಯಾಗಿಯನ್ನು ಕಪಾಟಿನಿಂದ ಇಳಿಸಿದವು.

ಭಾಷೆಯ ಮಾತೂ ಇತ್ತು. ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇದ್ದರೆ ನಮ್ಮ ದೇಶದ ನಿಯಮಕ್ಕೆ ಸಾಕು. ಬೇರೆ ಭಾಷೆಯನ್ನು ಬೇಕಾದವರು ಸೇರಿಸಬಹುದು. ಗಡಿಯಾಚೆ ಕನ್ನಡ ಓದುವ ಮನೆಗಳು ಈ ಲೆಕ್ಕದಲ್ಲಿ ಎರಡು ಸಲ ಹೊರಗುಳಿಯುತ್ತವೆ. ರಾಜ್ಯದ ಪ್ರಕಟಣೆ ಮಲೆಯಾಳದಲ್ಲಿ, ಪೊಟ್ಟಣದ ಬರಹ ಇಂಗ್ಲಿಷಿನಲ್ಲಿ, ಅಜ್ಜಿಗೆ ಗೊತ್ತಿರುವ ಅಕ್ಷರ ಕನ್ನಡ. ಇಂಥ ಮನೆಗೆ ಎಚ್ಚರಿಕೆಯ ಮಾತು ತಲುಪುವುದು ಹೆಚ್ಚಾಗಿ ಮಗುವಿನ ಬಾಯಿಂದ, ಅದೂ ಅರ್ಧಂಬರ್ಧವಾಗಿ.

ಆ ಮನೆಯ ಅತ್ತೆಗೆ ಕಂಪನಿಯ ಹೇಳಿಕೆಯನ್ನು ಸೊಸೆ ಓದಿ ಹೇಳಿದಾಗ ಅವರು ತೆಂಗಿನಕಾಯಿ ತುರಿಯುತ್ತ ಒಂದೇ ಮಾತು ಹೇಳಿದರು: "ಏನೂ ಆಗುದಿಲ್ಲ ಅಂತ ಆಗಲೂ ಹೇಳಿದ್ರು." ಯಾವಾಗ ಎಂದು ಕೇಳುವ ಅಗತ್ಯವಿರಲಿಲ್ಲ. ಅತ್ತೆಯ ತವರು ಎಣ್ಮಕಜೆಯ ಕಡೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಾಡು ಅದು. ತೋಟದ ಗುಡ್ಡಗಳ ಬುಡದಲ್ಲಿ ಮನೆಗಳು, ಸುರಂಗಗಳು, ತೋಡುಗಳು. ಪಡ್ರೆ ಗ್ರಾಮದ ಮಕ್ಕಳಲ್ಲಿ ಕಾಣುತ್ತಿದ್ದ ಕಾಯಿಲೆಗಳ ಕುರಿತು ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ದನಿಯೆತ್ತಿದಾಗಲೂ ಸಿಂಪರಣೆ ನಿಲ್ಲಲು ವರ್ಷಗಳೇ ಬೇಕಾದವು. ದೇಶವ್ಯಾಪಿ ನಿಷೇಧವನ್ನು ಸುಪ್ರೀಂ ಕೋರ್ಟು ವಿಧಿಸಿದ್ದು 2011ರ ಮೇ 13ರಂದು. ಮ್ಯಾಗಿಯ ಸೀಸಕ್ಕೂ ಎಂಡೋಸಲ್ಫಾನಿಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವೂ ಅಲ್ಲ. ಆದರೆ ಒಮ್ಮೆ ಹುಸಿಯಾದ ಭರವಸೆಯ ನೆನಪು ಊರಿನಲ್ಲಿ ಉಳಿಯುತ್ತದೆ. ಹೊಸಬರು ಬಂದು "ಹೆದರಬೇಡಿ" ಎಂದಾಗ ಜನ ಹಳೆಯ ದನಿಯನ್ನೇ ಕೇಳುತ್ತಾರೆ.

ಜೂನ್ 5 ಶುಕ್ರವಾರವಾಗಿತ್ತು, ವಿಶ್ವ ಪರಿಸರ ದಿನ. ಶಾಲೆಯಲ್ಲಿ ಮಕ್ಕಳು ಕೊಡೆ ಹಿಡಿದುಕೊಂಡೇ ಸಸಿ ನೆಡುತ್ತಿದ್ದರು. ಅಂದು ದಿಲ್ಲಿಯಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದಿಳಿದ ನೆಸ್ಲೆಯ ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ಪತ್ರಕರ್ತರ ಮುಂದೆ ಕುಳಿತು, ಮ್ಯಾಗಿ ಸುರಕ್ಷಿತ, ಆದರೆ ಗ್ರಾಹಕರ ವಿಶ್ವಾಸ ಅಲುಗಿರುವುದರಿಂದ ಅದನ್ನು ಹಿಂಪಡೆಯುತ್ತಿದ್ದೇವೆ ಎಂದರು. ಅದೇ ದಿನ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮ್ಯಾಗಿಯ 9 ಬಗೆಗಳನ್ನು ನಿಷೇಧಿಸಿತು. ವಿಶ್ವಾಸವೇ ಬಿಕ್ಕಟ್ಟಿನ ಮೂಲವೆಂದು ಕಂಪನಿ ಕೊನೆಗೂ ಬಾಯಿಬಿಟ್ಟು ಹೇಳಿತ್ತು. ಆದರೆ ನಿಷೇಧ ಬಾಗಿಲು ತಟ್ಟುವ ಹೊತ್ತಿಗೆ ಹೇಳಿದ ಮಾತು ಸ್ವಂತ ಇಚ್ಛೆಯದೆಂದು ಯಾರಿಗೂ ತೋರಲಿಲ್ಲ. ಸುರಕ್ಷಿತವಾಗಿದ್ದರೆ ಹಿಂಪಡೆಯುವುದೇಕೆ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಅಧ್ಯಾಪಿಕೆಯ ಬಳಿ ಅದಕ್ಕೂ ಉತ್ತರವಿರಲಿಲ್ಲ.

ಉತ್ತರದ ಎಳೆಯೊಂದು ಅವರಿಗೆ ಸಿಕ್ಕಿದ್ದು ಅಮೆರಿಕದ ಹಳೆಯ ಪ್ರಕರಣವೊಂದನ್ನು ಓದುವಾಗ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೊ ನಗರದ ಆಸುಪಾಸಿನಲ್ಲಿ ಟೈಲೆನಾಲ್ ಎಂಬ ನೋವುಶಮನಕಾರಿ ಕ್ಯಾಪ್ಸೂಲ್ ನುಂಗಿದ 7 ಮಂದಿ ಸತ್ತರು. ಮೊದಲು ಸತ್ತವಳು 12 ವರ್ಷದ ಬಾಲಕಿ. ಯಾರೋ ಅಂಗಡಿಯಲ್ಲಿದ್ದ ಬಾಟಲಿಗಳನ್ನು ತೆರೆದು ಕ್ಯಾಪ್ಸೂಲುಗಳಿಗೆ ಸಯನೈಡ್ ತುಂಬಿಸಿಟ್ಟಿದ್ದರು. ಕೊಲೆಗಾರ ಇಂದಿಗೂ ಸಿಕ್ಕಿಲ್ಲ. ಔಷಧಿ ಜಾನ್ಸನ್ ಆ್ಯಂಡ್ ಜಾನ್ಸನ್ ಸಮೂಹದ್ದು. ತಪ್ಪು ನಮ್ಮ ಕಾರ್ಖಾನೆಯದ್ದಲ್ಲ ಎಂದು ಹೇಳಿ ಕೈತೊಳೆದುಕೊಳ್ಳಲು ಅದಕ್ಕೆ ಅವಕಾಶವಿತ್ತು.

ಅಧ್ಯಕ್ಷರಾಗಿದ್ದ ಜೇಮ್ಸ್ ಬರ್ಕ್ ಮತ್ತು ಅವರ ತಂಡದವರು ಮೊದಲು ಎತ್ತಿಕೊಂಡದ್ದು ಜನರನ್ನು ಉಳಿಸುವುದು ಹೇಗೆಂಬ ಪ್ರಶ್ನೆ. ಔಷಧಿಯ ಹೆಸರನ್ನು ಉಳಿಸುವ ಚಿಂತೆ ಆಮೇಲಿನದು. ಜಾಹೀರಾತು ನಿಲ್ಲಿಸಿದರು. ಟೈಲೆನಾಲ್ ಕ್ಯಾಪ್ಸೂಲ್ ತೆಗೆದುಕೊಳ್ಳಬೇಡಿ ಎಂದು ತಾವೇ ಎಚ್ಚರಿಸಿದರು. ಆಸ್ಪತ್ರೆಗಳಿಗೆ, ವೈದ್ಯರಿಗೆ, ಅಂಗಡಿಗಳಿಗೆ ಸಂದೇಶ ಹೋಯಿತು. ಜನರು ಶುಲ್ಕವಿಲ್ಲದೆ ವಿಚಾರಿಸಲು ದೂರವಾಣಿ ಸಂಖ್ಯೆ ತೆರೆಯಿತು. ಮೊದಲು ಕೆಲವು ತಂಡದ ಬಾಟಲಿಗಳನ್ನು ಹಿಂಪಡೆದವರು ದಿನಗಳೊಳಗೆ ದೇಶದಾದ್ಯಂತ ಇದ್ದ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿಕೊಂಡರು. ವೆಚ್ಚ ಸುಮಾರು 10 ಕೋಟಿ ಡಾಲರು.

ಅಧ್ಯಾಪಿಕೆಯ ಗಮನ ಸೆಳೆದದ್ದು ಆ ಕತೆಯಲ್ಲಿನ ಒಂದು ಸಣ್ಣ ಸಂಗತಿ. ತಮ್ಮ ಕಾರ್ಖಾನೆಯಲ್ಲಿ ಸಯನೈಡ್ ಇಲ್ಲವೇ ಇಲ್ಲ ಎಂದು ಕಂಪನಿಯವರು ಮೊದಲು ಪತ್ರಕರ್ತರಿಗೆ ಹೇಳಿದ್ದರು. ಆಮೇಲೆ ನೋಡಿದರೆ, ಗುಣಮಟ್ಟ ಪರೀಕ್ಷೆಗಾಗಿ ಅಲ್ಪ ಪ್ರಮಾಣದಲ್ಲಿ ಅದನ್ನು ಬಳಸುತ್ತಿದ್ದದ್ದು ತಿಳಿದುಬಂದಿತು. ಅವರು ತಾವು ಮೊದಲು ಹೇಳಿದ್ದು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಮುಚ್ಚಿಟ್ಟು ಸಿಕ್ಕಿಬಿದ್ದಿದ್ದರೆ ಉಳಿದ ನಿಜಗಳನ್ನೂ ಯಾರೂ ನಂಬುತ್ತಿರಲಿಲ್ಲ.

ಅಮೆರಿಕದ ನೋವುಶಮನಕಾರಿಗಳ ಮಾರುಕಟ್ಟೆಯಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿದ್ದ ಟೈಲೆನಾಲ್ ಆ ದಿನಗಳಲ್ಲಿ ಹತ್ತನೆಯ ಒಂದು ಪಾಲಿಗಿಂತ ಕೆಳಗಿಳಿಯಿತು. ತೆರೆದರೆ ಗೊತ್ತಾಗುವಂತೆ ಮೂರು ಪದರಗಳಲ್ಲಿ ಮುಚ್ಚಿದ ಹೊಸ ಬಾಟಲಿಯಲ್ಲಿ ಮತ್ತೆ ಬಂದು, ವರ್ಷದೊಳಗೆ ಕಳೆದುಕೊಂಡದ್ದರ ಬಹುಪಾಲನ್ನು ಪಡೆಯಿತು. ಇದೇ ಸಂಸ್ಥೆ ಮುಂದೆ ತನ್ನ ಟಾಲ್ಕಂ ಪೌಡರಿನ ವಿಷಯದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಬೇಕಾಯಿತು ಎಂಬುದನ್ನೂ ಹೇಳಬೇಕು. ಒಮ್ಮೆ ನೇರವಾಗಿ ನಡೆದುಕೊಂಡವರು ಎಂದೆಂದಿಗೂ ಪರೀಕ್ಷೆಯಿಂದ ಮುಕ್ತರಲ್ಲ.

ಓದಿದ್ದು ಕಾಗದದಲ್ಲೇ ಉಳಿಯದಂತೆ ಆ ಮಳೆಗಾಲವೇ ನೋಡಿಕೊಂಡಿತು. ಜುಲೈಯ ಒಂದು ಮಧ್ಯಾಹ್ನ ಶಾಲೆಯ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡರು. ಸಂಜೆಯೊಳಗೆ ಇನ್ನೂ ಮೂವರು. ಹಿಂದಿನ ವಾರದ ಮಳೆಗೆ ಬಾವಿಯ ನೀರು ಕಲಕಿ ಬಣ್ಣಗೆಟ್ಟಿತ್ತು. ಮುಖ್ಯೋಪಾಧ್ಯಾಯರು ಆರೋಗ್ಯ ಕೇಂದ್ರಕ್ಕೆ ತಿಳಿಸಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದರು. ಅಷ್ಟು ಮಾಡಿ, "ಫಲಿತಾಂಶ ಬರಲಿ ಟೀಚರೇ. ಬಾವಿಯದ್ದೇ ದೋಷ ಅಂತ ನಮಗೂ ಗೊತ್ತಿಲ್ಲ. ಈಗಲೇ ಹೇಳಿದರೆ ಮಕ್ಕಳನ್ನು ಕರಕೊಂಡು ಹೋದಾರು" ಎಂದರು.

ಅವರ ಅಂಜಿಕೆ ಸುಳ್ಳಲ್ಲ. ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದೊಂದು ಮಗುವಿನ ಹೆಸರೂ ಹಾಜರಿ ಪುಸ್ತಕದಲ್ಲಿ ಅಮೂಲ್ಯ. ಹತ್ತು ಮಕ್ಕಳು ಹೋದರೆ ಒಂದು ಡಿವಿಷನ್ ಹೋದೀತು, ಒಂದು ಹುದ್ದೆ ಹೋದೀತು, ನಾಳೆ ಶಾಲೆಯೇ ಹೋದೀತು. ಅಧ್ಯಾಪಿಕೆಗೂ ಇದು ಗೊತ್ತಿತ್ತು. ಆ ಹುದ್ದೆ ಅವರದೇ ಆಗಿರಬಹುದಿತ್ತು. ಆದರೂ ಅವರು ಹೇಳಿದರು: "ಸರ್, ಬಾವಿಯ ದೋಷವೋ ಅಲ್ಲವೋ ಆಮೇಲೆ ನೋಡುವ. ಇವತ್ತು ರಾತ್ರಿ ಆ ಮನೆಗಳಲ್ಲಿ ಮಕ್ಕಳಿಗೆ ಹೊಟ್ಟೆನೋವು ಬಂದರೆ, ನಮಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿರಬೇಕಲ್ಲ?"

ಮುಖ್ಯೋಪಾಧ್ಯಾಯರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತರು. ಕೊನೆಗೆ, "ಬರೆಯಿರಿ" ಎಂದರು.

ಚೀಟಿಯಲ್ಲಿ ಆರು ವಾಕ್ಯಗಳಿದ್ದವು. ಐದು ಮಕ್ಕಳಿಗೆ ವಾಂತಿಯಾಗಿದೆ. ಬಾವಿಯ ನೀರಿನ ಮೇಲೆ ಸಂಶಯವಿದೆ, ಖಚಿತವಾಗಿಲ್ಲ. ನೀರನ್ನು ಪರೀಕ್ಷೆಗೆ ಕಳುಹಿಸಿದ್ದೇವೆ, ಫಲಿತಾಂಶ ಬಂದ ದಿನವೇ ತಿಳಿಸುತ್ತೇವೆ. ಅಲ್ಲಿಯವರೆಗೆ ಬಾವಿಯ ನೀರನ್ನು ಕುಡಿಯಲು ಕೊಡುವುದಿಲ್ಲ. ಮನೆಯಿಂದ ಕುದಿಸಿ ಆರಿಸಿದ ನೀರು ಕಳುಹಿಸಿ. ಮಗುವಿಗೆ ವಾಂತಿ, ಭೇದಿ ಅಥವಾ ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ನಮಗೂ ಹೇಳಿ. ಕನ್ನಡದಲ್ಲಿ ಬರೆದು, ಅಜ್ಜಿಯರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಪ್ರತಿ ತೆಗೆದು, ಎಲ್ಲ ಮಕ್ಕಳ ಡೈರಿಯಲ್ಲಿ ಅಂಟಿಸಿದರು.

ಮರುದಿನ ಬೆಳಿಗ್ಗೆ ಒಬ್ಬ ತಂದೆ ಕಚೇರಿಗೆ ಬಂದು ಗಟ್ಟಿದನಿಯಲ್ಲಿ ಬೈದರು. ಇಬ್ಬರು ಮಕ್ಕಳು ಒಂದು ವಾರ ಬರಲಿಲ್ಲ. ನಿಜ ಹೇಳಿದ್ದಕ್ಕೆ ತೆರಬೇಕಾದ ಬೆಲೆ ಅದು, ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದೇ ದಿನ ಇನ್ನೊಬ್ಬ ತಾಯಿ ಬಂದು, ತನ್ನ ಮಗಳಿಗೆ ಹಿಂದಿನ ದಿನವೇ ಹೊಟ್ಟೆ ಸರಿಯಿರಲಿಲ್ಲ, ಚೀಟಿ ನೋಡಿದ ಮೇಲೆ ಆಸ್ಪತ್ರೆಗೆ ಹೋದೆವು ಎಂದರು. ಶಾಲೆಗೆ ಗೊತ್ತೇ ಇರದ ಆರನೆಯ ಮಗು ಅದು. ಹತ್ತು ದಿನಗಳ ಮೇಲೆ ವರದಿ ಬಂದಿತು: ನೀರು ಕುಡಿಯಲು ಯೋಗ್ಯವಲ್ಲ. ಹೇಳಿದಂತೆ ಅಂದೇ ಎರಡನೆಯ ಚೀಟಿ ಹೋಯಿತು. ಬಾವಿ ಶುಚಿಗೊಳಿಸಲು ಊರಿನವರೇ ಬಂದರು. ಅವರಲ್ಲಿ ಬೈದುಹೋದ ತಂದೆಯೂ ಇದ್ದರು.

ಇತ್ತ ಮ್ಯಾಗಿಯ ಕತೆ ಬೇರೆ ಹಾದಿ ಹಿಡಿಯಿತು. ಗೋವಾದ ಅಧಿಕಾರಿಗಳು ಕಳುಹಿಸಿದ್ದ ಮಾದರಿಗಳಲ್ಲಿ ದೋಷವಿಲ್ಲವೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಹೇಳಿತು. ಆಗಸ್ಟ್ 13ರಂದು ಮುಂಬಯಿ ಹೈಕೋರ್ಟು, ಕಂಪನಿಯ ಅಹವಾಲನ್ನು ಸರಿಯಾಗಿ ಕೇಳದೆ, ಮಾನ್ಯತೆಯಿಲ್ಲದ ಪ್ರಯೋಗಾಲಯಗಳ ವರದಿಯ ಮೇಲೆ ನಿಷೇಧ ವಿಧಿಸಲಾಗಿದೆ ಎಂದು ಆದೇಶವನ್ನು ರದ್ದುಪಡಿಸಿ, ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ನಡೆಸಲು ಹೇಳಿತು. 90 ಮಾದರಿಗಳೂ ಮಿತಿಯೊಳಗಿದ್ದವು. ಕರ್ನಾಟಕದ ನಂಜನಗೂಡು, ಗೋವಾದ ಬಿಚೋಲಿ, ಪಂಜಾಬಿನ ಮೋಗಾದ ಕಾರ್ಖಾನೆಗಳಲ್ಲಿ ತಯಾರಿ ಮತ್ತೆ ಶುರುವಾಯಿತು. ನವೆಂಬರ್ 9ರಂದು ಮ್ಯಾಗಿ ಅಂಗಡಿಗಳಿಗೆ ಮರಳಿತು.

ಹಾಗಾದರೆ ಕಂಪನಿ ಮೊದಲ ದಿನ ಹೇಳಿದ್ದೇ ಸರಿಯಾಗಿತ್ತಲ್ಲವೇ? ಸೀಸದ ಮಟ್ಟಿಗೆ ಹೌದು ಎನ್ನಬೇಕು. ಅದಕ್ಕೇ ಈ ಪ್ರಕರಣ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಸರಿಯಿದ್ದ ಕಂಪನಿ 30,000 ಟನ್ನಿಗೂ ಹೆಚ್ಚು ನೂಡಲ್ಸನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಟ್ಟಿತು. ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳಲ್ಲಿ 64 ಕೋಟಿ ರೂಪಾಯಿ ನಷ್ಟ ತೋರಿಸಿತು. ಭಾರತದ ಮುಖ್ಯಸ್ಥರು ಬದಲಾದರು. ಎಂ.ಎಸ್.ಜಿ. ಸೇರಿಸಿಲ್ಲವೆಂಬ ಬರಹ ಪೊಟ್ಟಣದಿಂದ ಹೋಯಿತು. ಸರಿಯಾಗಿದ್ದೇನೆ ಎಂದು ತನಗೆ ಗೊತ್ತಿದ್ದ ಮಾತ್ರಕ್ಕೆ, ಹೆದರಿ ನಿಂತವರ ಪ್ರಶ್ನೆಗೆ ಉತ್ತರ ಹೇಳಿದಂತಾಗಲಿಲ್ಲ. ಮೇ ತಿಂಗಳಲ್ಲೇ "ನಿಮ್ಮ ಕೈಯಲ್ಲಿರುವುದನ್ನು ಸದ್ಯ ಬದಿಗಿಡಿ, ನಾವು ಇಂತಿಂಥ ಪರೀಕ್ಷೆ ಮಾಡಿಸುತ್ತಿದ್ದೇವೆ, ಇಂಥ ದಿನ ತಿಳಿಸುತ್ತೇವೆ" ಎಂದು ಮನೆಮನೆಯ ಭಾಷೆಯಲ್ಲಿ ಹೇಳಿದ್ದರೆ ನಿಷೇಧ ತಪ್ಪುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಒಲೆಯ ಮುಂದೆ ನಿಂತ ತಾಯಿಗೆ ಮಾತ್ರ ಅಂದು ಏನು ಮಾಡಬೇಕೆಂದು ತಿಳಿಯುತ್ತಿತ್ತು.

ನವೆಂಬರಿನ ಒಂದು ಸಂಜೆ ಹುಡುಗ ಅಂಗಡಿಯಿಂದ ಹೊಸ ಪೊಟ್ಟಣ ತಂದು ಅಮ್ಮನ ಮುಂದೆ ಹಿಡಿದ. ಅದೇ ಬಾಗಿಲು, ಅದೇ ಪ್ರಶ್ನೆ: "ಈಗ ತಿನ್ನಬಹುದಾ?"

ಅಧ್ಯಾಪಿಕೆ ಅವನನ್ನು ಹತ್ತಿರ ಕೂರಿಸಿಕೊಂಡು ತಮಗೆ ಗೊತ್ತಿರುವುದನ್ನು ಹೇಳಿದರು: ಎಲ್ಲೆಲ್ಲಿ ಪರೀಕ್ಷೆಯಾಯಿತು, ಯಾರು ಏನು ಹೇಳಿದರು, ದಿನವೂ ತಿನ್ನುವಂಥದ್ದು ಇದು ಮೊದಲೂ ಆಗಿರಲಿಲ್ಲ, ಈಗಲೂ ಅಲ್ಲ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಾಳೆ ಮಾಡುವ. ಇವತ್ತು ಅಜ್ಜಿ ಸೇಮಿಗೆ ಒತ್ತುತ್ತಾರಂತೆ" ಎಂದ. ಒಳಗಿನಿಂದ ಸೇಮಿಗೆ ಮಣೆಯ ಕೀಚಲು ಸದ್ದು ಕೇಳುತ್ತಿತ್ತು. ಅವನು ಪೊಟ್ಟಣವನ್ನು ಕಪಾಟಿನಲ್ಲಿಟ್ಟು ಅಜ್ಜಿಯ ಕಡೆ ಓಡಿದ.